ಆತನನ್ನು ಕೇಳಿ ಹೇಳು

ಆದೋನಿ
18 ಏಪ್ರಿಲ್ 2024, ಗುರುವಾರ

ಪ್ರೀತಿಯ ಅಕ್ಕ ಹೇಮಾವತಿಗೆ,

ನಿನ್ನ ತಂಗಿ ಗುರುಬಸಮ್ಮ ಮಾಡುವ ನಮಸ್ಕಾರಗಳು. ಇತ್ತ ನಾವು ಕ್ಷೇಮ ಎಂದು ಬರೆಯಬೇಕು. ಮೊದಲ ಸಾಲಿನಲ್ಲೇ ಸುಳ್ಳು ಬೇಡ ಅನ್ನಿಸಿ ಅದನ್ನು ಬಿಟ್ಟಿದ್ದೇನೆ. ನಿನ್ನ ಪತ್ರ ಬಂದು ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು, ನನ್ನಿಂದ ಉತ್ತರವಿಲ್ಲ. ಸಿಟ್ಟಾಗಿರುತ್ತೀಯ. ಆಗು, ಬೇಡ ಅನ್ನುವುದಿಲ್ಲ, ಆದರೆ ಪೂರ್ತಿ ಓದಿ ಆಮೇಲೆ ಆಗು.

ಫೋನ್ ಮಾಡಬಹುದಿತ್ತು ಅನ್ನುತ್ತೀಯೇನೋ. ನಿನ್ನ ಕಿವಿಯ ಕಥೆ ನನಗೆ ಗೊತ್ತಿಲ್ಲವೇ? ಆ ಮಿಷನ್ ಹಾಕಿಕೊಂಡರೆ ಸೀಟಿ ಹೊಡೆಯುತ್ತದೆ, ತೆಗೆದಿಟ್ಟರೆ ನಾನು ಓಣಿಗೆಲ್ಲ ಕೇಳುವಂತೆ ಕೂಗಬೇಕು. ಕೂಗಿ ಹೇಳುವ ಮಾತಲ್ಲ ಅಕ್ಕ ಇದು. ವಾರಕ್ಕೆ ಎರಡು ಸಲ ಕರ್ನೂಲು ಬಸ್ಸಿನಲ್ಲಿ ನಿನ್ನ ಎಮ್ಮಿಗನೂರಿನ ಮೇಲೇ ಹೋಗುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗಲೆಲ್ಲ ಇಳಿದು ಓಡಿಬಂದು ನಿನ್ನ ತೊಡೆಯ ಮೇಲೆ ತಲೆ ಇಡಬೇಕು ಅನ್ನಿಸುತ್ತದೆ. ಪಕ್ಕದಲ್ಲಿ ನಮ್ಮವರು ಕಿಟಕಿಯ ಸರಳಿಗೆ ತಲೆ ಆನಿಸಿ ಕೂತಿರುತ್ತಾರೆ. ಅವರನ್ನು ಬಿಟ್ಟು ಎಲ್ಲಿ ಇಳಿಯಲಿ? ಈ ಪತ್ರವನ್ನು ನಿನ್ನ ಮಗ ವಾಗೀಶನ ಕೈಯಲ್ಲಿ ಓದಿಸಬೇಡ. ಒಳ್ಳೆಯವನೇ, ಆದರೆ ಗಂಡಸು. ಕನ್ನಡಕ ಹುಡುಕಿಕೊಂಡು ನೀನೇ ಓದು.

ನೀನು ಕಾಗದದಲ್ಲಿ ಮಡಿಚಿ ಕಳಿಸಿದ್ದ ಉರುಕುಂದದ ಈರಣ್ಣನ ಭಸ್ಮ ಬಂದು ಮುಟ್ಟಿತು. ನಾನು ಏನು ಮಾಡಲಿ ಎಂದು ಕೈಯಲ್ಲಿ ಹಿಡಿದು ನಿಂತಿದ್ದೆ. ನಮ್ಮವರೇ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡು, "ಹೇಮಕ್ಕ ಕಳಿಸ್ಯಾಳ, ಬಿಸಾಡಬ್ಯಾಡ" ಎಂದು ಬೈಬಲ್ಲಿನ ಪಕ್ಕದಲ್ಲಿ ಇಟ್ಟರು. ಹಚ್ಚಿಕೊಳ್ಳಲಿಲ್ಲ, ಬಿಸಾಡಲೂ ಇಲ್ಲ. ನಮ್ಮ ಪಾಸ್ಟರಮ್ಮನಿಗೆ ಗೊತ್ತಾದರೆ ಇಬ್ಬರಿಗೂ ಒಂದೊಂದು ಉಪವಾಸ ಹಾಕುತ್ತಾಳೆ.

ಈಗ ಅವರ ಸುದ್ದಿ. ಮೂತ್ರಪಿಂಡ ಎರಡೂ ಹೋಗಿವೆ, ಡಯಾಲಿಸಿಸ್ ಮೇಲೆ ಇದ್ದಾರೆ ಅನ್ನುವುದು ನಿನಗೆ ಗೊತ್ತೇ ಇದೆ. ಎಡಗೈಯಲ್ಲಿ ಎರಡು ನರ ಕೂಡಿಸಿ ಹೊಲಿದಿದ್ದರಲ್ಲ, ಅಲ್ಲಿಂದಲೇ ರಕ್ತ ತೆಗೆದು ಮಿಷನ್ನಿನಲ್ಲಿ ತೊಳೆದು ಮತ್ತೆ ಒಳಗೆ ಬಿಡುವುದು. ಆ ಜಾಗದ ಮೇಲೆ ಬೆರಳಿಟ್ಟರೆ ಬೆಂಕಿಪೊಟ್ಟಣದಲ್ಲಿ ಜೀರುಂಡೆ ಹಾಕಿದ ಹಾಗೆ ಗುಂಯ್ ಅನ್ನುತ್ತಿತ್ತು. ಬೆಳಗ್ಗೆ ಎದ್ದು ನಾನು ಮೊದಲು ಮುಟ್ಟಿ ನೋಡುತ್ತಿದ್ದುದು ಅದನ್ನೇ. ಹೋದ ವಾರ ಮುಟ್ಟಿದೆ, ಸದ್ದಿಲ್ಲ. ಕರ್ನೂಲಿಗೆ ಓಡಿದೆವು. ಸದ್ಯಕ್ಕೆ ಕುತ್ತಿಗೆಗೆ ಒಂದು ಪೈಪು ಹಾಕಿ ಕಳಿಸಿದ್ದಾರೆ, ಅದು ಬಹಳ ದಿನ ನಡೆಯುವುದಿಲ್ಲವಂತೆ.

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಬಲಗೈಯಲ್ಲಿ ಹೊಸದಾಗಿ ನರ ಕೂಡಿಸಬೇಕು, ಸೋಮವಾರ ಬಂದು ಸೇರಿರಿ. ಆದರೆ ಹೃದಯ ಸೋತಿದೆ, ಟೇಬಲ್ ಮೇಲೆ ಏನು ಬೇಕಾದರೂ ಆಗಬಹುದು. ಬೇಡ ಅನ್ನಿಸಿದರೆ ಅದೂ ತಪ್ಪಲ್ಲ, ಮನೆಯಲ್ಲಿ ಯೋಚಿಸಿ ಬನ್ನಿ ಎಂದರು. ಬೇಡ ಅಂದರೆ ಏನಾಗುತ್ತದೆ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಅಷ್ಟರಲ್ಲೇ ತಿಳಿಯಿತು.

ಬಸ್ಸಿನಲ್ಲಿ ಬರುತ್ತಾ ಎಲ್ಲ ಹೇಳಿದೆ, ಮುಚ್ಚಿಡಲಿಲ್ಲ. ನಮ್ಮವರು ಏನಂದರು ಗೊತ್ತಾ? "ನಾ ಏನ್ ಹೇಳಲಿ? ನೀ ಆತನ್ನ ಕೇಳಿ ಹೇಳು. ಆತ ಹೂಂ ಅಂದ್ರ ಸೋಮವಾರ ಹೋಗೂಣು. ಬ್ಯಾಡ ಅಂದ್ರ ಮನ್ಯಾಗ ಇರೂಣು. ನಿನ್ನ ಮಾತು ಆತ ತೆಗೆದು ಹಾಕಂಗಿಲ್ಲ."

ಅಕ್ಕ, ನನ್ನ ಕಷ್ಟ ಇದು. ಅವರ ಕಾಯಿಲೆ ಕಷ್ಟವಲ್ಲ ಅಂತಲ್ಲ. ಅದಕ್ಕೆ ಮೈ ಒಗ್ಗಿಹೋಗಿದೆ. ಈ ಬಿಸಿಲಿನಲ್ಲಿ ಅವರಿಗೆ ಲೋಟ ಅಳೆದು ನೀರು ಕೊಡುವುದು, ಇನ್ನೊಂದು ಗುಟುಕು ಎಂದು ಅಂಗಲಾಚಿದಾಗ ಇಲ್ಲ ಅನ್ನುವುದು, ಬಾಯಿ ಮುಕ್ಕಳಿಸಲು ಕೊಟ್ಟ ನೀರನ್ನು ಕಳ್ಳತನದಲ್ಲಿ ನುಂಗಿದಾಗ ಗಂಟಲು ನೋಡಿ ಬೈಯುವುದು, ಎಲ್ಲ ಮಾಡುತ್ತೇನೆ. ಆದರೆ "ಆತನ್ನ ಕೇಳಿ ಹೇಳು" ಅಂದದ್ದನ್ನು ಮಾಡಲಾರೆ. ಕೇಳಲು ನನಗೆ ಈಗ ಆತ ಸಿಗುವುದಿಲ್ಲ. ತಿಂಗಳುಗಳೇ ಆದವು. ಇದು ಅವರಿಗೆ ಗೊತ್ತಿಲ್ಲ. ಚರ್ಚಿನಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ನನ್ನ ಹೆಸರು ಕೃಪಮ್ಮ ನೋಡು, ಕೃಪಮ್ಮನ ಪ್ರಾರ್ಥನೆ ಅಂದರೆ ಮಕ್ಕಳ ಪರೀಕ್ಷೆಯ ಹಾಲ್ ಟಿಕೆಟ್ ಹಿಡಿದು ಬರುವವರಿದ್ದಾರೆ, ಹಾಲು ಬತ್ತಿದ ಎಮ್ಮೆಯ ಸುದ್ದಿ ತಂದವರಿದ್ದಾರೆ. ನನ್ನ ಎಮ್ಮೆಯೇ ಬತ್ತಿದೆ, ಯಾರಿಗೆ ಹೇಳಲಿ?

ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ನಿನಗೆ ತಿಳಿಯುವುದಿಲ್ಲ. ನನ್ನ ಮಗು ತೊಟ್ಟಿಲಲ್ಲೇ ಹೋದಾಗ ಬಂದವರೆಲ್ಲ ಕರ್ಮ ಅಂದರು, ಹಣೆಬರಹ ಅಂದರು. ನೀನಾಗ ಬಾಣಂತಿ, ಬರಲಾಗಲಿಲ್ಲ. ಹಿಂದಿನ ಮನೆಯ ಮಹಾಂತಮ್ಮ ಮಾತ್ರ ಏನೂ ಅನ್ನದೆ ಬಂದು ಕೂತಳು. ಎದ್ದು ಒಲೆ ಹಚ್ಚಿ ಅನ್ನಕ್ಕಿಟ್ಟಳು, ಮತ್ತೆ ಬಂದು ಕೂತಳು. ಮರುದಿನವೂ ಬಂದಳು. ಎಷ್ಟೋ ದಿನದ ಮೇಲೆ ನಾನೇ ಕೇಳಿದೆ, ಯಾಕೆ ಬರುತ್ತೀ, ಏನೂ ಮಾತಾಡುವುದಿಲ್ಲವಲ್ಲ ಎಂದು. "ನನಗ ಓದಾಕ ಬರಂಗಿಲ್ಲವ್ವ, ಹೇಳಾಕೂ ಬರಂಗಿಲ್ಲ. ನಾ ಅಳತಿದ್ದಾಗ ಯೇಸಯ್ಯ ಹಿಂಗ ಬಂದು ಬಾಜು ಕುಂತಿದ್ದ. ನನಗ ಅಷ್ಟ ಗೊತ್ತು" ಅಂದಳು. ನಾನು ಯೇಸುವಿನ ಕಡೆ ಹೋದದ್ದು ಹಾಗೆ. ಯಾರೋ ಆಸೆ ತೋರಿಸಿದರು ಎಂದು ನಮ್ಮ ಕಡೆಯವರು ಆಡಿಕೊಂಡದ್ದು ನನಗೆ ಗೊತ್ತು. ಆಸೆ ತೋರಿಸಿದ್ದು ಒಂದು ತಪ್ಪಲೆ ಅನ್ನ.

ನಾಗಲದಿನ್ನೆಯಲ್ಲಿ ತುಂಗಭದ್ರೆಗೆ ಇಳಿದು ನಾನೂ ನಮ್ಮವರೂ ದೀಕ್ಷಾಸ್ನಾನ ತೆಗೆದುಕೊಳ್ಳುವ ಮುಂಚೆ ನಾನು ನನ್ನ ಲಿಂಗ ಬಿಚ್ಚಿ ಅವ್ವನ ಕೈಗೆ ಕೊಟ್ಟು ಬಂದೆ. ಹೊಳೆಗೆ ಬಿಡಲು ಮನಸ್ಸಾಗಲಿಲ್ಲ. ಅವ್ವ ಬೈಯಲಿಲ್ಲ. ತನ್ನದರ ಜೊತೆಗೆ ಅದನ್ನೂ ಕೊರಳಿಗೆ ಕಟ್ಟಿಕೊಂಡಳು. ಸಾಯುವವರೆಗೂ ಎರಡು ಹೊತ್ತುಕೊಂಡು ತಿರುಗಿದಳು, ಎರಡರ ಜೊತೆಗೇ ಮಣ್ಣಿಗೆ ಹೋದಳು. ಗದ್ದಿಗೆಯಲ್ಲಿ ಕೂರಿಸುವಾಗ ನೀನೇ ಅಲ್ಲವೇ ಸರಿಮಾಡಿದ್ದು?

ಲಿಂಗ ಹೋಯಿತು, ಅಂಗೈ ಹೋಗಲಿಲ್ಲ. ಸಣ್ಣವರಿದ್ದಾಗ ಅವ್ವ ಸ್ನಾನ ಮಾಡಿಸಿ, ನಾಷ್ಟಾಕ್ಕೆ ಮುಂಚೆ ಇಬ್ಬರನ್ನೂ ಎದುರಿಗೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಡಿಸಿ, ರೆಪ್ಪೆ ಬಡಿಯದೆ ನೋಡಿರಿ ಅನ್ನುತ್ತಿದ್ದಳಲ್ಲ. ನೀನು ಕಳ್ಳಗಣ್ಣಿನಿಂದ ಉಪ್ಪಿಟ್ಟಿನ ಪಾತ್ರೆ ನೋಡುತ್ತಿದ್ದೆ. ನಾನು ನೋಡುತ್ತಾ ನೋಡುತ್ತಾ ಮಾತಾಡಲು ಶುರು ಮಾಡಿಬಿಡುತ್ತಿದ್ದೆ. ಆ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು. ಯೇಸಯ್ಯನ ಹತ್ತಿರ ಬಂದ ಮೇಲೂ, ಎಲ್ಲರೂ ಕಣ್ಣು ಮುಚ್ಚಿ ಕೈ ಎತ್ತಿದರೆ, ನಾನು ಎಡಗೈ ಬೊಗಸೆ ಮಾಡಿ ಎದೆಯ ಹತ್ತಿರ ಹಿಡಿದು ಖಾಲಿ ಅಂಗೈ ನೋಡಿಕೊಂಡು ಕೂರುತ್ತಿದ್ದೆ. ಕಣ್ಣು ಮುಚ್ಚಿದರೆ ಕತ್ತಲೆ, ಕತ್ತಲೆಯಲ್ಲಿ ಯಾರ ಜೊತೆ ಮಾತಾಡುವುದು? ಅಂಗೈ ನೋಡಿದರೆ ಆತ ಇಲ್ಲೇ, ಒಂದು ಗೇಣು ದೂರದಲ್ಲಿ ಇದ್ದಾನೆ. ಯಪ್ಪಾ ಎಂದು ಶುರು ಮಾಡಿದರೆ ಸಾಕು. ಬಾಡಿಗೆ ಮನೆಯವಳ ಜಗಳ, ಅಕ್ಕಿಯ ಹುಳ, ನಮ್ಮವರು ಹತ್ತಿ ಮಂಡಿಯಲ್ಲಿ ಮಾಲಿನ ಗುಣ ನೋಡಲು ಎಳೆ ಎಳೆದು ಎಳೆದು ಬೆರಳು ಒಡೆದುಕೊಂಡದ್ದು, ನಿನ್ನ ಮೊಣಕಾಲು, ಎಲ್ಲ ಹೇಳುತ್ತಿದ್ದೆ. ಆತನೂ ಹೇಳುತ್ತಿದ್ದ. ಕಿವಿಗೆ ಕೇಳುವಂತಲ್ಲ. ನೀನು ಕರೆಯದಿದ್ದರೂ ನೀನು ಒಳಗೆ ಬಂದದ್ದು ನನಗೆ ಗೊತ್ತಾಗುತ್ತದಲ್ಲ, ಹಾಗೆ.

ಮಹಾಂತಮ್ಮ ಇದನ್ನು ನೋಡಿದ್ದಳು. "ಇರಲಿ ಬಿಡವ್ವ, ನಾ ಮ್ಯಾಲ ಜಂತಿ ನೋಡತೀನಿ, ನೀ ಕೈ ನೋಡತಿ. ಆತ ಎಲ್ಲಾ ಕಡಿ ಅದಾನ" ಅಂದು ನಕ್ಕಿದ್ದಳು. ಆಕೆ ತೀರಿಹೋದಳು. ಈಗ ಚರ್ಚಿಗೆ ಹೊಸದಾಗಿ ಬಂದಿರುವ ಪಾಸ್ಟರ ಹೆಂಡತಿ, ಪಾಸ್ಟರಮ್ಮ ಲಾವಣ್ಯ, ಸಣ್ಣ ವಯಸ್ಸು, ಬೈಬಲ್ ಕಾಲೇಜಿನಲ್ಲಿ ಓದಿದವಳು. ಕೆಟ್ಟವಳಲ್ಲ ಅಕ್ಕ. ನಮ್ಮವರಿಗೆ ಉಪ್ಪಿಲ್ಲದ ಸಾರು ಮಾಡಿ ತರುತ್ತಾಳೆ. ದಸರಾ ಆದ ಮೇಲೆ ಒಂದು ಶುಕ್ರವಾರದ ಉಪವಾಸ ಕೂಟದಲ್ಲಿ ನನ್ನನ್ನು ಬದಿಗೆ ಕರೆದು, "ಕೃಪಮ್ಮಗಾರೂ, ಪ್ರಾರ್ಥನಲೋ ಚೇಯಿ ಎಂದುಕು ಚೂಸ್ತುನ್ನಾರು?" ಎಂದು ಕೇಳಿದಳು. ಪ್ರಾರ್ಥನೆಯಲ್ಲಿ ಕೈ ಯಾಕೆ ನೋಡುತ್ತೀರಿ ಎಂದು. ಆಕೆಯೂ ಕಣ್ಣು ಮುಚ್ಚಿದ್ದರೆ ನಾನು ಕೈ ನೋಡಿದ್ದು ಹೇಗೆ ಕಂಡಿತು ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಇದ್ದದ್ದು ಇದ್ದ ಹಾಗೆ ಹೇಳಿದೆ, ಅವ್ವ ಕಲಿಸಿದ್ದು, ಲಿಂಗದ್ದು. ಆಕೆಯ ಮುಖ ಸಣ್ಣಗಾಯಿತು. ಖಾಲಿ ಕೈಯಲ್ಲೂ ವಿಗ್ರಹ ಇರಬಹುದಮ್ಮ, ಹಳೆಯದನ್ನು ಪೂರ್ತಿ ಬಿಡದಿದ್ದರೆ ಹೊಸದು ಪೂರ್ತಿ ಸಿಗುವುದಿಲ್ಲ, ನಿಮ್ಮವರ ಬಿಡುಗಡೆ ಇದರಲ್ಲೇ ಸಿಕ್ಕಿಕೊಂಡಿದೆಯೋ ಏನೋ ಅಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದು ಎಲ್ಲ ಗುಡಿಗೂ ಸರಿಯೇ. ಆದರೆ ಕೊನೆಯ ಮಾತಿಗೆ ನನ್ನ ಜೀವ ಹಾರಿತು. ನನ್ನ ಕೈಯಿಂದಾಗಿ ಅವರಿಗೆ ಗುಣವಾಗುತ್ತಿಲ್ಲ ಅಂದರೆ?

ಅಂದಿನಿಂದ ಕೈ ಮಡಿಚಿ ಸೆರಗಿನಲ್ಲಿ ಸುತ್ತಿಕೊಂಡು, ಎಲ್ಲರ ಹಾಗೆ ಕಣ್ಣು ಮುಚ್ಚಲು ಶುರು ಮಾಡಿದೆ. ಅಷ್ಟೇ. ಮುಚ್ಚಿದ ಕಣ್ಣಿನೊಳಗೆ ಯಾರೂ ಇಲ್ಲ. ಮಾತಾಡುತ್ತೇನೆ, ಮಾತು ಖಾಲಿ ಕೊಡದಲ್ಲಿ ಬಿದ್ದ ಹಾಗೆ ನನಗೇ ವಾಪಸ್ ಬರುತ್ತದೆ. ದಿನಾ ಸಂಜೆ ನಮ್ಮವರು ಮಂಚದ ಮೇಲಿಂದ, "ಬಾ, ಆತನ ಜೋಡಿ ಮಾತಾಡು" ಅನ್ನುತ್ತಾರೆ. ನಾನು ಅವರ ತಲೆಯ ಮೇಲೆ ಕೈ ಇಟ್ಟು, ಕರ್ತನೇ ಎಬ್ಬಿಸು, ಬಲ ಕೊಡು, ಆಯುಷ್ಯ ಕೊಡು ಎಂದು ಚೆನ್ನಾಗಿಯೇ ಹೇಳುತ್ತೇನೆ. ಇಷ್ಟು ವರ್ಷದ ಅಭ್ಯಾಸ, ಬಾಯಿಗೆ ದಾರಿ ಗೊತ್ತಿದೆ. ಅವರು ಆಮೆನ್ ಅಂದು ನಿರಾಳವಾಗಿ ಮಲಗುತ್ತಾರೆ. ನಾನು ಮಾತಾಡಿದ್ದು ಗೋಡೆಗೆ ಎಂದು ಹೇಗೆ ಹೇಳಲಿ ಅವರಿಗೆ? ಆ ನಂಬಿಕೆಯ ಮೇಲೇ ಅವರು ಬಸ್ ಹತ್ತುತ್ತಾರೆ, ಸೂಜಿ ಚುಚ್ಚಿಸಿಕೊಳ್ಳುತ್ತಾರೆ.

ನಿನ್ನೆ ಬುಧವಾರ ನಮ್ಮ ಮನೆಯಲ್ಲೇ ಕೂಟ ಇತ್ತು. ಸೋಮವಾರದ ವಿಷಯಕ್ಕೆ ದೇವರ ಚಿತ್ತ ತಿಳಿಯಬೇಕು ಎಂದು ನಮ್ಮವರೇ ಕರೆಸಿದ್ದರು. ಪಾಸ್ಟರು, ಲಾವಣ್ಯ, ಹೆಂಗಸರು ಎಲ್ಲ ಬಂದರು. ಹೊರಗೆ ಓಣಿಯಲ್ಲಿ ಎಲೆಕ್ಷನ್ ಆಟೋ ಮೈಕಿನಲ್ಲಿ ಕಿರುಚುತ್ತಾ ಹೋಗುತ್ತಿತ್ತು, ಒಳಗೆ ನಾವು ಹಾಡುತ್ತಿದ್ದೆವು. ನಮ್ಮವರನ್ನು ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದೆ. ಮೊದಲು ಪಾಸ್ಟರು ಪ್ರಾರ್ಥನೆ ಮಾಡಿದರು. ಆಮೇಲೆ ಲಾವಣ್ಯ ನನ್ನ ಕಡೆ ತಿರುಗಿ, "ಅಮ್ಮಾ, ನೀವ ಕೇಳ್ರಿ. ಹೆಂಡತಿ ಕಣ್ಣೀರು ದೇವರು ತಳ್ಳಂಗಿಲ್ಲ" ಅಂದಳು. ನಮ್ಮ ಮಾತು ಕಲಿಯುತ್ತಿದ್ದಾಳೆ ಪಾಪ.

ನಾನು ಎದ್ದು ಮಂಚದ ಕಾಲ ಹತ್ತಿರ ನಿಂತು ಕಣ್ಣು ಮುಚ್ಚಿದೆ. ಏನೂ ಬರಲಿಲ್ಲ. ಬಾಯಿಗೆ ಗೊತ್ತಿದ್ದ ದಾರಿಯೂ ಮರೆತುಹೋಯಿತು. ಫ್ಯಾನ್ ತಿರುಗುವ ಸದ್ದು. ಯಾರೋ ಸ್ತೋತ್ರಂ ಅಂದರು, ಆತ್ಮ ಇಳಿಯುತ್ತಿದೆ ಎಂದುಕೊಂಡರೋ ಏನೋ. ಏನಾದರೂ ಹೇಳಲೇಬೇಕು ಎಂದು ಬಾಯಿ ತೆರೆದೆ. "ಕರ್ತನೇ, ನಮ್ಮ ಮುಂದೆ ಇಟ್ಟಿರುವ ಈ ಆಹಾರವನ್ನು ಆಶೀರ್ವದಿಸು" ಎಂದು ಬಂತು. ಊಟದ ಪ್ರಾರ್ಥನೆ, ಅಕ್ಕ! ಸಂಡೇ ಸ್ಕೂಲಿನ ಮಕ್ಕಳು ತಟ್ಟೆ ಮುಂದೆ ಹೇಳುವುದು. ಮಂಚದ ಮೇಲೆ ಗಂಡನನ್ನು ಕೂರಿಸಿಕೊಂಡು ಅದನ್ನು ಹೇಳಿದೆ. ನಿಲ್ಲಿಸಲೂ ಆಗಲಿಲ್ಲ. ಇದನ್ನು ತಯಾರಿಸಿದ ಕೈಗಳನ್ನು ಆಶೀರ್ವದಿಸು, ತಿನ್ನುವವರಿಗೆ ಆರೋಗ್ಯ ಕೊಡು ಎಂದು ಕೊನೆಯವರೆಗೂ ಹೇಳಿ ಮುಗಿಸಿದೆ.

ಯಾರೂ ಆಮೆನ್ ಅನ್ನಲಿಲ್ಲ. ಮೊದಲು ನಕ್ಕಿದ್ದು ನಮ್ಮವರು. "ಉಪ್ಪು ಇಲ್ಲದ ಊಟ ನೋಡ್ರಿ, ಯಾರಿಗಿ ಬಡಸ್ತಾಳೋ ಏನೋ" ಅಂದರು. ಆಗ ಎಲ್ಲರೂ ನಕ್ಕರು, ಪಾಸ್ಟರು ಕೂಡ. ನನ್ನನ್ನು ಉಳಿಸಲೆಂದೇ ಅವರು ಹಾಗೆ ಅಂದದ್ದು, ನನಗೆ ಗೊತ್ತು. ನಾನು ಟೀ ಇಡುತ್ತೇನೆ ಎಂದು ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬದ ಮೇಲೆ ತಲೆ ಇಟ್ಟು ನಿಂತುಬಿಟ್ಟೆ. ಲಾವಣ್ಯ ಹಿಂದೆಯೇ ಬಂದಳು. ಬುದ್ಧಿ ಹೇಳುತ್ತಾಳೆ ಎಂದುಕೊಂಡರೆ ಏನೂ ಹೇಳದೆ ತಾನೇ ಟೀಗೆ ನೀರಿಟ್ಟಳು.

ಎಲ್ಲರೂ ಹೋದ ಮೇಲೆ ನಾನು ಹಟ ಹಿಡಿದೆ. ಯಾರು ಏನಾದರೂ ಅನ್ನಲಿ ಎಂದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಎಡಗೈ ತೆರೆದು ಮೊದಲಿನ ಹಾಗೆ ಹಿಡಿದು ನೋಡಿದೆ. ಯಪ್ಪಾ ಎಂದು ಕರೆದೆ. ಅಂಗೈಯಲ್ಲಿ ಅರಿಶಿನದ ಕಲೆ, ಈಳಿಗೆ ತಾಗಿದ ಗಾಯ, ಗೆರೆಗಳು. ಅಷ್ಟೇ. ನನ್ನ ಕೈಯೇ ನನ್ನನ್ನು ನೋಡಲಿಲ್ಲ. ಅಲ್ಲಿಂದ ಎದ್ದು ಒಳಗೆ ಬರಲು ನನಗೆ ಬಹಳ ಹೊತ್ತು ಬೇಕಾಯಿತು.

ಅಕ್ಕ, ನಿನ್ನನ್ನು ಒಂದು ಕೇಳುತ್ತೇನೆ, ನಿನ್ನ ಶಿವ, ನನ್ನ ಯೇಸು ಎಂದು ಲೆಕ್ಕ ಹಾಕದೆ ಹೇಳು. ಅವ್ವನಿಗೆ ಯಾವತ್ತಾದರೂ ಹೀಗಾಗಿತ್ತಾ? ಅಪ್ಪ ಚನ್ನಬಸಯ್ಯನವರು ತೀರಿಕೊಂಡ ವರ್ಷ ಆಕೆ ಪೂಜೆಗೆ ಕೂತು, ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು, ವಿಭೂತಿ ಹಚ್ಚದೆ ಸುಮ್ಮನೆ ಕೂತಿದ್ದು ನನಗೆ ಮಸುಕು ಮಸುಕಾಗಿ ನೆನಪಿದೆ. ಆಗ ಏನು ಮಾಡಿದಳು? ನೀನು ದೊಡ್ಡವಳು, ಆಕೆಯ ಬಾಜು ಇದ್ದವಳು. ಉತ್ತರ ಇಲ್ಲದ ಕಡೆ ದಿನಾ ಹೋಗಿ ಕೂರುವುದು ಹೇಗೆ? ನನಗೆ ಯಾರಾದರೂ ಹೇಳಿಕೊಡಬೇಕಾಗಿದೆ. ಸೋಮವಾರದೊಳಗೆ ನಿನ್ನ ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ, ನೋಡು ನನ್ನ ಬುದ್ಧಿ.

ಅವರಿಗೆ ಏನು ಹೇಳಲಿ? ಆತ ಹೂಂ ಅಂದ ಎಂದರೆ ಸುಳ್ಳು. ಬೇಡ ಅಂದ ಎಂದರೂ ಸುಳ್ಳು. ಒಂದು ಸುಳ್ಳಿಗೆ ಟೇಬಲ್ ಮೇಲೆ ಹೋಗುತ್ತಾರೆ, ಇನ್ನೊಂದಕ್ಕೆ ಈ ಮಂಚದ ಮೇಲೇ ಹೋಗುತ್ತಾರೆ. ಎರಡಕ್ಕೂ ದೇವರ ಹೆಸರು ಹಾಕಬೇಕಾದವಳು ನಾನು.

ನಿನ್ನ ಮೊಣಕಾಲಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು, ಆ ಬಾಮು ಬೀಮು ಉಪಯೋಗವಿಲ್ಲ. ಕಿವಿಯ ಮಿಷನ್ ಸೀಟಿ ಹೊಡೆದರೂ ಹಾಕಿಕೊಂಡು ಅಭ್ಯಾಸ ಮಾಡಿಕೊ. ವಾಗೀಶನಿಗೂ ಸೊಸೆಗೂ ನನ್ನ ಆಶೀರ್ವಾದ, ಅವರ ಸಂಸಾರ ತಂಪಾಗಿರಲಿ. ನೀನು ನನಗಿಂತ ದೊಡ್ಡವಳು, ನನ್ನ ತಲೆಯ ಮೇಲೆ ಕೈ ಇಟ್ಟೆ ಎಂದುಕೊಂಡು ಮನಸ್ಸಿನಲ್ಲೇ ಒಂದು ಸಲ ಹರಸು. ಯಾವ ದೇವರ ಹೆಸರಿನಲ್ಲಿ ಹರಸಿದರೂ ಬೇಡ ಅನ್ನುವುದಿಲ್ಲ.

ಇಂತಿ ನಿನ್ನ ತಂಗಿ,
ಗುರುಬಸಮ್ಮ

ಮರೆತ ಮಾತು (ಶನಿವಾರ ಬೆಳಗ್ಗೆ):

ಪತ್ರ ಇನ್ನೂ ಡಬ್ಬಿಗೆ ಹಾಕಿಲ್ಲ. ಮರೆತ ಮಾತು ಎಂದು ಬರೆದೆ, ಮರೆತದ್ದಲ್ಲ ಅಕ್ಕ. ಅಷ್ಟು ಪುಟ ಬರೆದದ್ದು ಇದೊಂದನ್ನು ಬರೆಯದೆ ಇರಲಿಕ್ಕೆ.

ಲಾವಣ್ಯ ಕೈ ನೋಡಬೇಡ ಅಂದದ್ದರಿಂದ ನನ್ನ ಪ್ರಾರ್ಥನೆ ಬತ್ತಲಿಲ್ಲ. ಆಕೆ ಹಾಗೆ ಅಂದಾಗ ನನಗೆ ಹೆದರಿಕೆಯಾದದ್ದು ನಿಜ, ಆದರೆ ಒಳಗೊಳಗೆ ಸಮಾಧಾನವೂ ಆಗಿತ್ತು. ಯಾಕೆಂದರೆ ಅಂಗೈ ನೋಡಿಕೊಂಡು ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ, ಮತ್ತು ಆ ಹೊತ್ತಿಗೆ ನನ್ನ ಹತ್ತಿರ ಆತನಿಗೆ ಹೇಳಲು ಒಂದೇ ನಿಜ ಉಳಿದಿತ್ತು. ಸಾಕು, ಇವರನ್ನು ಕರೆದುಕೊಂಡುಬಿಡು ಎಂದು. ಹೂಂ ಅಕ್ಕ, ನಿನ್ನ ತಂಗಿಯ ಮನಸ್ಸಿನಲ್ಲಿ ಬಂದ ಮಾತೇ ಇದು. ನೀರಿಗೆ ಅವರು ಅಂಗಲಾಚುವುದನ್ನು ನೋಡಿ ಬಂತೋ, ಬಸ್ಸಿನಲ್ಲಿ ನನ್ನ ಸೊಂಟ ಬಿದ್ದುಹೋಗಿ ಬಂತೋ, ಅವರ ಸಲುವಾಗಿಯೋ ನನ್ನ ಸಲುವಾಗಿಯೋ, ನನಗೆ ಗೊತ್ತಿಲ್ಲ. ಅವರು "ಆತನ್ನ ಕೇಳಿ ಹೇಳು" ಅಂದಾಗ ಮೊದಲು ಎದ್ದು ಬಂದ ಉತ್ತರವೂ ಅದೇ. ಅದು ಆತನ ಮಾತೋ ನನ್ನ ಮಾತೋ ಹೇಗೆ ತಿಳಿಯಲಿ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನನಗೆ ಇಷ್ಟು ತಿಂಗಳು ಬೇಕಾಯಿತು.

ಇವತ್ತು ಬೆಳಗ್ಗೆ ಅವರ ಮುಖ ಒರೆಸುತ್ತಿದ್ದೆ. "ಏನಂದ ಆತ?" ಎಂದು ಕೇಳಿದರು.

"ಆತ ಏನೂ ಅನವಲ್ಲರಿ. ನನ್ನೊಳಗ ಮಾತ್ರ ಸಾಕು ಅಂತೈತಿ" ಎಂದುಬಿಟ್ಟೆ. ಬಾಯಿಂದ ಜಾರಿತು. ಜಾರಿದ ಮೇಲೆ ಒದ್ದೆ ಟವೆಲ್ ಹಿಡಿದು ಅಲ್ಲೇ ನೆಲದ ಮೇಲೆ ಕೂತೆ. ಗಂಡನ ಮುಖದ ಮುಂದೆ, ನೀವು ಹೋಗಿ ಎಂದು ಹೇಳಿದ ಹಾಗೆ ಆಯಿತಲ್ಲ.

ಅವರು ಸಿಟ್ಟಾಗಲಿಲ್ಲ. "ನನ್ನೊಳಗೂ ಅದ ಅಂತೈತಿ. ಎಷ್ಟೋ ದಿನ ಆತು. ನೀ ಅಳತಿ ಅಂತ ಹೇಳಲಿಲ್ಲ. ನೀನರ ನನಗ ಆಯುಷ್ಯ ಕೇಳತಿದ್ದಿ, ನಾ ಹೆಂಗ ಬ್ಯಾಡ ಅನಲಿ?" ಅಂದರು. ಒಂದೇ ಮನೆಯಲ್ಲಿ ಒಂದೇ ಮಾತನ್ನು ಇಬ್ಬರೂ ಬಚ್ಚಿಟ್ಟುಕೊಂಡು, ಒಬ್ಬರಿಗಾಗಿ ಒಬ್ಬರು ದಿನಾ ಸಂಜೆ ಆಮೆನ್ ಅನ್ನುತ್ತಿದ್ದೆವು ಅಕ್ಕ.

ಇಬ್ಬರೂ ಅತ್ತೆವು. ಅವರಿಗೆ ಕಣ್ಣೀರಿಗೂ ನೀರು ಕಡಿಮೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಹಿಡಿದು, "ಹಂಗಾರ ಇಬ್ಬರೂ ಕೂಡಿ ಆತಗ ಹೇಳಿಬಿಡೂಣು, ಸಾಕಾತು ಅಂತ. ನೀ ಶುರು ಮಾಡು" ಅಂದರು.

ನಾನು ಕಣ್ಣು ಮುಚ್ಚಿದೆನೋ ತೆರೆದಿದ್ದೆನೋ ನೆನಪಿಲ್ಲ. ಯಪ್ಪಾ ಅಂದೆ. ಅಂದ ಕೂಡಲೇ ಗೊತ್ತಾಯಿತು ಅಕ್ಕ, ಗೋಡೆಯಲ್ಲ, ಆತ ಇದ್ದಾನೆ. ಇಷ್ಟು ತಿಂಗಳಿಂದ ಹೇಳಬಾರದೆಂದು ಕಟ್ಟಿಟ್ಟಿದ್ದ ಮಾತು ಹ್ಞಾಂ ಈಗ ಹೇಳು ಎಂದು ತುಟಿಗೆ ಬಂತು. ನಾನು ಹೇಳಿದ್ದು ಬೇರೆ. "ಬ್ಯಾಡಪ್ಪಾ, ಒಯ್ಯಬ್ಯಾಡ ಇವರನ್ನ. ನನಗ ಸಾಕಾಗೈತಿ, ಇವರಿಗೂ ಸಾಕಾಗೈತಿ, ಖರೇ ಹೇಳತೀನಿ, ಆದ್ರೂ ಒಯ್ಯಬ್ಯಾಡ. ನಾ ಒಬ್ಬಾಕಿ ಏನ್ ಮಾಡಲಿ? ನೀರಿಗೆ ನಾ ಬೈಯಂಗಿಲ್ಲ ಇನ್ನ, ಒಯ್ಯಬ್ಯಾಡ" ಎಂದು ಮಂಚದ ಪಟ್ಟಿ ಹಿಡಿದು ಸಣ್ಣ ಹುಡುಗಿಯ ಹಾಗೆ ಕೂಗಿದೆ. ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು.

ಅವರು ಕೇಳಬೇಕೆಂದಿದ್ದುದು ಅದಲ್ಲ. ನಾನು ಮುಗಿಸುವವರೆಗೆ ಕೈ ಬಿಡದೆ ಕಾದರು. ನನ್ನ ಕಡೆ ಒಂದು ಸಲ ನೋಡಿದರು, ಕಣ್ಣು ಮುಚ್ಚಿದರು, ಆಮೆನ್ ಅಂದರು.

ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದೇವೆ.